ತೌಬಾ ಅಂದ್ರೆ ಉದ್ರಿ ತೀರ್ತದೇನು?

ನಮ್ಮ ಯಾವಗಲ್ಲಿನಂಥ ಊರಲ್ಲಿ ಬೆಳೆದವರಿಗೆ ಅಂಗಡಿ ಉದ್ರಿ ಅಂದ್ರೇನು ಅಂತ ಹೇಳಬೇಕಿಲ್ಲ. "ತಪ್ಪಾತ್ರಿ ಸಾವ್ಕಾರ್ರ, ಇನ್ನ ಮ್ಯಾಲೆ ಉದ್ರಿ ಮಾಡಂಗಿಲ್ಲ" ಅಂತ ಕೈ ಮುಗಿದ್ರೆ ಹಳೇ ಬಾಕಿ ಹೋಗುತ್ತಾ? ಇಲ್ಲ ತಾನೆ? ಆದರೆ ರಂಜಾನ್ ರೋಜಾದ ವಿಷಯದಲ್ಲಿ ನಮ್ಮ ಗಂಡಸರಲ್ಲಿ ಎಷ್ಟೋ ಜನ ಹಾಗೇ ಅಂದ್ಕೊಂಡಿದ್ದಾರೆ ಅನ್ಸುತ್ತೆ....

ಗುಟ್ಕಾನೇ ತೊಗೊಳ್ಳಿ. ಕರ್ನಾಟಕದಲ್ಲಿ 2013ರಲ್ಲೇ ನಿಷೇಧ ಆಯ್ತು, ಬಾಯಿಂದ ಮಾತ್ರ ಹೋಗಲಿಲ್ಲ. ಅದಿಲ್ಲದೆ ಮಧ್ಯಾಹ್ನದ ತನಕ ತಡೆಯೋಕಾಗಲ್ಲ ಅಂತ ರೋಜಾನೇ ಬಿಡೋರಿದ್ದಾರೆ. ಷಬೆ ಖದ್ರ್ ರಾತ್ರಿ ಮಸೀದೀಲಿ ಅತ್ತು ತೌಬಾ ಮಾಡಿದ್ರೆ ಮುಗೀತು. ಬಿಟ್ಟಿದ್ದು ಎಷ್ಟು ಅಂದ್ರೆ ಲೆಕ್ಕ ಇಲ್ಲ!

ತೌಬಾಕ್ಕೆ ಆಲಿಮರು ಹೇಳೋದು ಮೂರು ಮಾತು: ತಪ್ಪನ್ನ ಬಿಡಬೇಕು, ಅದಕ್ಕಾಗಿ ನೋಯಬೇಕು, ಮತ್ತೆ ಮಾಡಲ್ಲ ಅಂತ ಗಟ್ಟಿ ಮಾಡ್ಕೋಬೇಕು. ಬಿಟ್ಟ ರೋಜಾ ತುಂಬಿಕೊಡೋದು, ಅಂದ್ರೆ ಖಜಾ, ಬೇರೆ ಬಾಕಿ. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳಬೇಕಂದ್ರೆ, ಬಗ್ ಸರಿ ಮಾಡಿದ ಮಾತ್ರಕ್ಕೆ ಅದರಿಂದ ಕೆಟ್ಟ ಡೇಟಾ ಸರಿ ಹೋಗಲ್ಲ :) ಹಿಡಿದ ರೋಜಾನ ಬೇಕಂತಲೇ ತಿಂದು ಮುರಿದ್ರೆ ನಮ್ಮ ಕಡೆ ಹೆಚ್ಚಾಗಿ ನಡೆಯೋ ಹನಫಿ ಲೆಕ್ಕ ಇನ್ನೂ ಬಿಗಿ. ಖಜಾದ ಜೊತೆ ಕಫ್ಫಾರಾ ಅಂತ ಸತತ 60 ರೋಜಾ. ಕರಾವಳಿಯ ಬ್ಯಾರಿಗಳು ಪಾಲಿಸೋ ಶಾಫಿಯಲ್ಲಿ ತಿಂದದ್ದಕ್ಕೆ ಈ 60 ಇಲ್ಲ, ಆದರೆ ಖಜಾ ಅಲ್ಲೂ ತಪ್ಪಲ್ಲ.

ಕುರ್‌ಆನಿನ ಎರಡನೇ ಅಧ್ಯಾಯ, 184 ಮತ್ತು 185ನೇ ವಚನ ನೋಡಿ. ಕಾಯಿಲೆಯವರಿಗೆ, ಪ್ರಯಾಣದಲ್ಲಿರೋರಿಗೆ ವಿನಾಯಿತಿ ಇದೆ, ಆದರೆ ಅಷ್ಟೇ ದಿನ ಬೇರೆ ದಿನಗಳಲ್ಲಿ ತುಂಬಬೇಕು. ತಪ್ಪೇ ಮಾಡದವರಿಗೆ ಈ ಲೆಕ್ಕ ಇದ್ದರೆ ಚಟಕ್ಕೆ ಬಿಟ್ಟವರಿಗೆ ಇಲ್ಲದೇ ಇರುತ್ತಾ?

ಈ ಲೆಕ್ಕ ಸರಿಯಾಗಿ ಇಟ್ಟಿರೋರು ನಮ್ಮ ಹೆಣ್ಮಕ್ಕಳು. ತಿಂಗಳ ರಜೆಯಲ್ಲಿ ಬಿಟ್ಟಿದ್ದು ಪಾಪ ಅಲ್ಲ, ತೌಬಾನೂ ಬೇಕಿಲ್ಲ. ಆದ್ರೂ ವರ್ಷಾ ವರ್ಷಾ ಐದಾರು ರೋಜಾ ಸದ್ದಿಲ್ಲದೆ ತುಂಬ್ತಾರೆ. ಅವತ್ತು ಮನೇಲಿ ಸಹರಿಗೆ ಜೊತೆಗೆ ಏಳೋರಿಲ್ಲ, ಇಫ್ತಾರಿಗೆ ಖರ್ಜೂರ ತರೋರೂ ಇಲ್ಲ. ಹಜರತ್ ಆಯಿಷಾ ಅವರೂ ತಮ್ಮ ಖಜಾ ರೋಜಾಗಳನ್ನ ಶಾಬಾನ್ ತಿಂಗಳಲ್ಲಿ ತುಂಬ್ತಿದ್ದರು ಅಂತ ಬುಖಾರಿ, ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿದೆ.

ಹಾಗಂತ ಖಜಾ ಶಿಕ್ಷೆ ಅಲ್ಲ, ನನ್ನ ಪ್ರಕಾರ ಅದೇ ಮದ್ದು. ರಂಜಾನಿನಲ್ಲಿ ಒಂದು ತಿಂಗಳು ಬಿಟ್ಟ ಚಟ ಈದ್ ಸಂಜೆ ವಾಪಸ್ ಬರುತ್ತೆ. ಅದೇ ವಾರಕ್ಕೊಂದು ಗುರುವಾರ ಖಜಾ ಹಿಡಿದ್ರೆ? ಎರಡೂ ಈದ್ ಮತ್ತು ಬಕ್ರೀದಿನ ಮುಂದಿನ 3 ದಿನ ಬಿಟ್ಟು ಯಾವ ದಿನ ಬೇಕಾದ್ರೂ ಆಗುತ್ತೆ, ಬಿಡಿ ಬಿಡಿಯಾಗಿ ಹಿಡಿದ್ರೂ ನಡೆಯುತ್ತೆ. ನಮ್ಮ ಕಡೆ ಜೂನಿನಲ್ಲಿ ಹಗಲು ಸುಮಾರು 13 ತಾಸು, ಡಿಸೆಂಬರಿನಲ್ಲಿ 11 ತಾಸು ಚಿಲ್ಲರೆ. ಚಳಿಗಾಲದಲ್ಲಿ ಬಾಯಾರಿಕೇನೂ ಕಮ್ಮಿ. ಹೊಲದ ಕೆಲಸ ನೋಡ್ಕೊಂಡು ದಿನ ಆರಿಸಿಕೊಳ್ಳಬಹುದು.

ಎಷ್ಟು ಬಿಟ್ಟಿದ್ದು ಅಂತ ನೆನಪಿಲ್ವಾ? ಹೆಚ್ಚೇ ಇರಲಿ ಅಂತ ಅಂದಾಜು ಹಾಕಿ ಶುರು ಮಾಡಿ. ಕಣ್ಣೀರಿಗೆ ಬೆಲೆ ಇಲ್ಲ ಅಂತಲ್ಲ, ಆದರೆ ಲೆಕ್ಕದ ಪುಸ್ತಕ ತೆರೆಯದ ಕಣ್ಣೀರು ಅರ್ಧ ತೌಬಾ. ಮತ್ತೆ ಮುಂದಿನ ಸಲ ಮನೇಲಿ ಅಮ್ಮನೋ ಹೆಂಡತಿಯೋ ಒಬ್ಬರೇ ಸಹರಿಗೆ ಎದ್ದರೆ ನೀವೂ ಏಳಿ, ನಿಮ್ಮದೂ ಒಂದು ಬಾಕಿ ತೀರುತ್ತೆ.

ಏನಂತೀರಿ?