ಸಾರಿನ ಊಟಕ್ಕೆ ಯಾವ ವೈನು?

ನಮ್ಮೂರಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿಕೊಂಡಿರೋ ಅಂಗಡಿಗಳಿಗೆ ಬರವಿಲ್ಲ. ಬರ ಇರೋದು ಒಳಗೆ, ವೈನಿಗೆ! ಹೋಗಿ ಕೇಳಿ ನೋಡಿ. ಗಲ್ಲೆಯಲ್ಲಿ ಕೂತವನು ಒಂದು ಕ್ಷಣ ನಿಮ್ಮ ಮುಖ ನೋಡಿ, ಹುಡುಗನನ್ನು ಸ್ಟೂಲ್ ಹತ್ತಿಸಿ, ಟ್ಯೂಬ್‌ಲೈಟ್ ಪಕ್ಕದ ಹಲಗೆಯಿಂದ ಧೂಳು ಹಿಡಿದ ಒಂದು ಕೆಂಪು ಬಾಟಲಿ ಇಳಿಸುತ್ತಾನೆ. ಯಾವ ವರ್ಷದ್ದು ಅಂತ ಕೇಳಿದರೆ "ಹಳೇದಾದಷ್ಟೂ ಒಳ್ಳೇದು ಸಾರ್" ಅನ್ನೋ ಉತ್ತರ ರೆಡಿ.

ಆ ಬಾಟಲಿ ಮನೆಗೆ ಬರುತ್ತೆ. ಅವತ್ತು ಮನೆಯಲ್ಲಿ ಕೋಳಿಸಾರು. ಎಲ್ಲರೂ ಒಂದೊಂದು ಗುಟುಕು ಕುಡಿದು ಮುಖ ಮುಖ ನೋಡಿಕೊಳ್ಳುತ್ತಾರೆ. ಒಗರು, ಕಹಿ, ಮೇಲೆ ಬಾಯಲ್ಲಿ ಬೆಂಕಿ. "ಇದಕ್ಕೆ ಸಾವಿರ ರೂಪಾಯಿನಾ?" ಅಂತ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಮುಗೀತು, ಮುಂದಿನ ಶನಿವಾರದಿಂದ ಮತ್ತೆ ರಮ್ಮು, ವಿಸ್ಕಿ. ನನ್ನ ಆಫೀಸಿನಲ್ಲೇ "ವೈನ್ ನಮ್ಮಂಥೋರಿಗಲ್ಲ ಗುರು" ಅನ್ನುವವರು ಅರ್ಧ ಡಜನ್ ಇದ್ದಾರೆ. ಅವರಲ್ಲಿ ಒಬ್ಬನಂತೂ ಆನ್‌ಸೈಟಿಂದ ಬರುವಾಗ ಡ್ಯೂಟಿ ಫ್ರೀಯಲ್ಲಿ ದುಬಾರಿ ಕ್ಯಾಬರ್ನೆ ಸೋವಿನ್ಯಾನ್ ತಂದು, ಅದನ್ನು ಬಿಸಿಬೇಳೆಬಾತ್ ಜೊತೆ ತೆಗೆದ. ಪಾಪ, ಇಬ್ಬರಿಗೂ ಅನ್ಯಾಯ. ಬಾತಿಗೂ, ವೈನಿಗೂ.

ನನ್ನ ವಾದ ಇಷ್ಟೆ. ನಮ್ಮ ಊಟಕ್ಕೆ ಒಪ್ಪುವ ವೈನ್ ಇದೆ. ಅದು ಹಳೆಯದಲ್ಲ, ಫಾರಿನ್ನಿಂದ ಬರಬೇಕಿಲ್ಲ, ಬಹುಪಾಲು ಕೆಂಪಗೂ ಇರಲ್ಲ. ಎಳೆಯ, ಚೆನ್ನಾಗಿ ತಣ್ಣಗಾದ, ಸ್ವಲ್ಪ ಹುಳಿ ಸ್ವಲ್ಪ ಸಿಹಿ ಇರೋ ಬಿಳಿ ಅಥವಾ ಗುಲಾಬಿ ವೈನ್. ಸಾವಿರ ರೂಪಾಯಿಯ ಆಚೀಚೆ ಸಿಗುತ್ತೆ.

ಮುಂದೆ ಹೋಗೋ ಮುಂಚೆ ಒಂದು ಮಾತು. ದಿನಾ ಒಂದು ಗ್ಲಾಸ್ ಕುಡಿದರೆ ಹೃದಯಕ್ಕೆ ಒಳ್ಳೇದು ಅಂತ ಫಾರ್ವರ್ಡ್ ಬರುತ್ತಲ್ಲ, ಅದನ್ನು ನಂಬಬೇಡಿ. ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದೇ ಇರೋರು ಇದನ್ನೋದಿ ಶುರು ಮಾಡಬೇಕಾಗಿಲ್ಲ. ಇದು ಹೇಗೂ ಕುಡಿಯುವವರಿಗೆ ಬರೆದದ್ದು.

ಯಾಕೆ ಬರೆಯಬೇಕು ಅನ್ನಿಸಿತು ಅಂದರೆ, ನಾವು ಕುಡಿಯೋ ರೀತಿ ನೋಡಿ. ಗಂಡಸರೆಲ್ಲ ಟೆರೇಸಿನ ಮೇಲೆ, ಹೆಂಗಸರು ಮಕ್ಕಳು ಕೆಳಗೆ. ಖಾಲಿ ಹೊಟ್ಟೆಗೆ ಮಿಕ್ಸ್ಚರು, ಕಡಲೇಬೀಜ, ಅದರ ಮೇಲೆ ವಿಸ್ಕಿ. ಊಟಕ್ಕೆ ಇಳಿಯೋದು ರಾತ್ರಿ ಹನ್ನೊಂದೂವರೆಗೆ. ಮಧ್ಯಾಹ್ನದಿಂದ ಒಲೆ ಮುಂದೆ ನಿಂತು ಮಾಡಿದ ಅಡುಗೆ ಅಷ್ಟೊತ್ತಿಗೆ ತಣ್ಣಗಾಗಿರುತ್ತೆ, ತಿನ್ನುವವರ ನಾಲಿಗೆಗೆ ರುಚಿ ಹೋಗಿರುತ್ತೆ, ಮಾಡಿದವರು ತೂಕಡಿಸುತ್ತಿರುತ್ತಾರೆ. ಇದಕ್ಕೆ ನಾವು ಪಾರ್ಟಿ ಅನ್ನುತ್ತೇವೆ! ವೈನಿನ ಒಂದೇ ಒಂದು ದೊಡ್ಡ ಗುಣ ಅಂದರೆ ಅದಕ್ಕೆ ಊಟ ಬೇಕು. ಬಿಸಿ ಬಿಸಿ ಊಟದ ಪಕ್ಕ, ಎಲ್ಲರೂ ಕೂತಿರೋ ಟೇಬಲ್ಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಒಂದು ಬಾಟಲಿ. 750 ಎಂ.ಎಲ್., ನಾಲ್ಕು ಜನ, ಬಾಟಲಿ ಖಾಲಿ, ಊಟ ಮುಗೀತು. ಕದ್ದು ಕುಡಿಯೋದಕ್ಕಿಂತ ಇದು ಎಷ್ಟೋ ವಾಸಿ.

ಈಗ ಜೋಡಿಯ ವಿಷಯಕ್ಕೆ ಬರೋಣ. ಕೆಂಪು ವೈನ್ ಮಾಡುವಾಗ ದ್ರಾಕ್ಷಿಯ ಸಿಪ್ಪೆ, ಬೀಜ ಸಮೇತ ಹುಳಿಯೋಕೆ ಬಿಡುತ್ತಾರೆ. ಬಣ್ಣದ ಜೊತೆಗೆ ಟ್ಯಾನಿನ್ ಅನ್ನೋ ಒಗರೂ ಇಳಿಯುತ್ತೆ. ಬಾಳೆಕಾಯಿ ಕಚ್ಚಿದರೆ, ಸ್ಟ್ರಾಂಗ್ ಟೀ ಕುಡಿದರೆ ನಾಲಿಗೆ ಒಣಗಿದ ಹಾಗೆ ಆಗುತ್ತಲ್ಲ, ಅದೇ. ಬಿಳಿ ವೈನಿನಲ್ಲಿ ಹುಳಿಯೋ ಮುಂಚೆಯೇ ಸಿಪ್ಪೆ ತೆಗೆದುಬಿಡೋದರಿಂದ ಒಗರು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಗುಲಾಬಿ ಅಂದರೆ ರೋಸೆ, ಸಿಪ್ಪೆ ಕೆಲವೇ ಗಂಟೆ ರಸದ ಜೊತೆ ಇದ್ದು ಬಣ್ಣ ಕೊಟ್ಟು ಹೋಗಿರುತ್ತೆ. ಇನ್ನು ಖಾರ. ಮೆಣಸಿನಕಾಯಿಯ ಖಾರ ರುಚಿಯಲ್ಲ, ಅದು ಉರಿ. ನಾಲಿಗೆಯ ಮೇಲೆ ಬಿಸಿಯನ್ನು ಗುರುತಿಸೋ ಸೆನ್ಸರ್ ಇದೆ, ಮೆಣಸಿನಕಾಯಿ ಅದನ್ನೇ ಒತ್ತುತ್ತೆ. ಆಲ್ಕೋಹಾಲ್ ಕೂಡ ಅದೇ ಸೆನ್ಸರನ್ನು ಕೆರಳಿಸುತ್ತೆ. ಹಾಗಾಗಿ ಬ್ಯಾಡಗಿ-ಗುಂಟೂರು ಬೆರೆಸಿದ ಸಾರಿನ ಮೇಲೆ 14% ಇರೋ ಒಗರು ಕೆಂಪು ವೈನ್ ಸುರಿದರೆ ಉರಿಯೋ ಕೊಳ್ಳಿಗೆ ಸೀಮೆಎಣ್ಣೆ ಹಾಕಿದ ಹಾಗೆ. ತಂಪು ಮತ್ತು ಸಿಹಿ ಎರಡೂ ಉರಿಯನ್ನು ಇಳಿಸುತ್ತವೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಖಾರದ ಊಟಕ್ಕೆ ಅಜ್ಜಿ ಕೊಡುತ್ತಿದ್ದದ್ದು ಮಜ್ಜಿಗೆ, ಬೇಸಿಗೆಗೆ ಪಾನಕ. ಕರಾವಳಿಯಲ್ಲಿ ಮೀನಿನ ಜೊತೆ ಶೇಂದಿ. ಎಲ್ಲವೂ ಹುಳಿ ಅಥವಾ ಸಿಹಿ ಅಥವಾ ಎರಡೂ, ಯಾವುದೂ ಒಗರಲ್ಲ.

ಇನ್ನೊಂದು ತೊಡಕು ಇದೆ, ಇದನ್ನು ಪುಸ್ತಕ ಓದಿ ವೈನ್ ಕಲಿತವರು ಮರೆಯುತ್ತಾರೆ. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಅನ್ನೋ ಫ್ರೆಂಚರ ಲೆಕ್ಕ ಒಂದಾದ ಮೇಲೊಂದು ತಟ್ಟೆ ಬರುವ ಊಟದ್ದು. ನಮ್ಮ ಎಲೆಯಲ್ಲಿ ಕೋಸಂಬರಿ, ಪಲ್ಯ, ಗೊಜ್ಜು, ಸಾರು, ಹಪ್ಪಳ, ತುದಿಯಲ್ಲಿ ಉಪ್ಪಿನಕಾಯಿ ಎಲ್ಲ ಒಟ್ಟಿಗೇ ಕೂತಿರುತ್ತೆ. ಪ್ರತಿಯೊಂದಕ್ಕೂ ಬೇರೆ ಬೇರೆ ವೈನ್ ಹುಡುಕೋಕೆ ಆಗುತ್ತಾ? ಯಾರ ಜೊತೆಗೂ ಜಗಳ ಆಡದ ಒಂದು ವೈನ್ ಸಾಕು.

ಅಂಥ ಸಾಧು ಅಂದರೆ ಶೆನಿನ್ ಬ್ಲಾಂ. ಫ್ರಾನ್ಸಿನ ಲ್ವಾರ್ ಕಣಿವೆಯ ದ್ರಾಕ್ಷಿ, ಆದರೆ ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದಿಕೊಂಡಿದೆ. ಸುಲಾದವರ ಶೆನಿನ್ ಬ್ಲಾಂ ಎಲ್ಲ ಕಡೆ ಸಿಗುತ್ತೆ, ಒಂಚೂರು ಸಿಹಿ ಉಳಿಸಿರುತ್ತಾರೆ. ಸುಲಾ ಶುರು ಮಾಡಿದ ರಾಜೀವ್ ಸಾಮಂತ್ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದಿ ಒರಾಕಲ್‌ನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ನಾಸಿಕ್‌ಗೆ ಬಂದು ದ್ರಾಕ್ಷಿ ನೆಟ್ಟವರು. 2000ದಲ್ಲಿ ಅವರ ಮೊದಲ ಬಾಟಲಿಗಳು ಹೊರಬಂದವು, ಅದರಲ್ಲಿ ಒಂದು ಇದೇ ಶೆನಿನ್. (ಅಪ್ರೈಸಲ್ ತಿಂಗಳಲ್ಲಿ ನನಗೆ ಈ ಕಥೆ ತುಂಬಾ ನೆನಪಾಗುತ್ತೆ :-) ) ಬಿಸಿಬೇಳೆಬಾತ್, ವಾಂಗಿಬಾತ್, ತರಕಾರಿ ಸಾಗು, ಯಾವುದರ ಜೊತೆಗೂ ಕಣ್ಣು ಮುಚ್ಚಿಕೊಂಡು ತೆಗೆಯಬಹುದು.

ಹುಣಸೆಹುಳಿ, ನಿಂಬೆ ಜೋರಾಗಿರೋ ಕಡೆ, ಅಂದರೆ ಪುಳಿಯೋಗರೆ, ಚಿತ್ರಾನ್ನ, ಮೀನಿನ ಹುಳಿಗೆ ಸೋವಿನ್ಯಾನ್ ಬ್ಲಾಂ ಇರಲಿ. ಊಟ ವೈನಿಗಿಂತ ಹುಳಿಯಾಗಿದ್ದರೆ ವೈನ್ ಸಪ್ಪೆ ಅನ್ನಿಸುತ್ತೆ, ಇದರಲ್ಲಿ ಹುಳಿ ಸಾಕಷ್ಟಿದೆ. ಹೆಸರು ಹೇಳೋಕೆ ಬರದಿದ್ದರೆ ಬೆರಳು ಮಾಡಿ ತೋರಿಸಿ, ಅಂಗಡಿಯವನಿಗೂ ಬರಲ್ಲ.

ಕೋಳಿಸಾರು-ಮುದ್ದೆಗೆ ನನ್ನ ಓಟು ರೋಸೆಗೆ. ಗ್ರೋವರ್ ಜಂಪಾದವರ ಆರ್ಟ್ ಕಲೆಕ್ಷನ್ ಸಾಲಿನಲ್ಲಿ ಶಿರಾಜ್ ರೋಸೆ ಇದೆ, ಅದೇ ಸಾಲಿನ ವಿಯೋನ್ಯೆಯೂ ಚೆನ್ನ. ಗುಲಾಬಿ ಬಣ್ಣ ನೋಡಿ "ಲೇಡೀಸ್ ಡ್ರಿಂಕ್" ಅನ್ನೋ ಗೆಳೆಯ ಎಲ್ಲ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನಿಗೂ ಒಂದು ಗ್ಲಾಸ್ ಕೊಡಿ, ಎರಡನೆಯದನ್ನು ಅವನೇ ಕೇಳುತ್ತಾನೆ. ಕರಿದ ಪದಾರ್ಥ, ಅಂದರೆ ಮದ್ದೂರು ವಡೆ, ರವೆ ಹಚ್ಚಿದ ಕಾಣೆ ಫ್ರೈ ಇದ್ದರೆ ಗುಳ್ಳೆ ಬರುವ ಬ್ರೂಟ್. ಗುಳ್ಳೆ ಮತ್ತು ಹುಳಿ ಸೇರಿ ಬಾಯಲ್ಲಿರೋ ಎಣ್ಣೆ ತೊಳೆದುಬಿಡುತ್ತೆ.

ಹಾಗಂತ ಕೆಂಪಿಗೆ ಬಾಗಿಲು ಹಾಕಿಲ್ಲ. ಕೊಡಗಿನ ಪಂದಿ ಕರಿಗೆ ಶಿರಾಜ್ ಬಿಟ್ಟು ಬೇರೆ ಹುಡುಕಬೇಡಿ. ಇದು ನನ್ನ ಪಕ್ಷಪಾತವಷ್ಟೇ ಅಲ್ಲ, ಕಾರಣ ಇದೆ. ಶಿರಾಜ್‌ನಲ್ಲಿ ಕರಿಮೆಣಸಿನ ಘಮ ಬರುತ್ತೆ ಅಂತ ಕುಡಿಯುವವರು ಬಹಳ ಕಾಲದಿಂದ ಹೇಳುತ್ತಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದಕ್ಕೆ ಕಾರಣವಾದ ರೋಟಂಡೋನ್ ಅನ್ನೋ ವಸ್ತುವನ್ನು ಗುರುತಿಸಿದರು. ಕರಿಮೆಣಸಿನ ಘಮಕ್ಕೂ ಅದೇ ಕಾರಣ! ಕರಿಮೆಣಸು ಹುರಿದು ಹಾಕಿ, ಕಾಚಂಪುಳಿ ಬಿಟ್ಟ ಕಪ್ಪು ಮಸಾಲೆ, ಹಂದಿಯ ಕೊಬ್ಬು, ಪಕ್ಕದಲ್ಲಿ ಕಡಂಬುಟ್ಟು. ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತೆ, ಮೆಣಸು ಮೆಣಸನ್ನು ಗುರುತು ಹಿಡಿಯುತ್ತೆ. ಅದನ್ನು ಬರೆಯೋಕೆ ನನ್ನ ಹತ್ತಿರ ಪದ ಇಲ್ಲ, ತಿಂದು ಕುಡಿದು ನೋಡಿ. ಹಾಗೆಯೇ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಸಾಂಜೊವೇಸೆ ಅನ್ನೋ ಇಟಲಿಯ ಕೆಂಪು ದ್ರಾಕ್ಷಿ ಹೊಂದುತ್ತೆ. ವಿಜಯಪುರದ ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾತೆಲ್ಲಿಯವರು ಅದನ್ನು ಬೆಳೆದು ವೈನ್ ಮಾಡುತ್ತಾರೆ. ನಮ್ಮ ಹಂಪಿ ಕಡೆಯ ಕೃಷ್ಮಾ ಎಸ್ಟೇಟಿನವರೂ ಮಾಡುತ್ತಾರೆ, ಒಳ್ಳೆಯದೇ, ಆದರೆ ಅದು ಬೋನಸ್ ಬಂದ ತಿಂಗಳಿನ ವೈನು.

ಹೋಳಿಗೆಗೆ? ಸಿಹಿಯ ನಿಯಮ ಸರಳ. ವೈನ್ ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ಹುಳಿಯಾಗುತ್ತೆ. ಲೇಟ್ ಹಾರ್ವೆಸ್ಟ್ ಅಂತ ಬರೆದಿರೋ ಸಣ್ಣ ಬಾಟಲಿ ಸಿಕ್ಕರೆ ತಗೊಳ್ಳಿ. ಮೊಸರನ್ನಕ್ಕೆ ಮಾತ್ರ ದಯವಿಟ್ಟು ಯಾವುದೂ ಬೇಡ, ಗ್ಲಾಸ್ ಪಕ್ಕಕ್ಕಿಡಿ.

ಫಾರಿನ್ ವೈನ್ ಯಾಕೆ ಬೇಡ ಅಂತ ಕೇಳುತ್ತಾರೆ. ಬೇಡ ಅಂತಲ್ಲ. ಆಮದು ವೈನಿನ ಮೇಲೆ ವರ್ಷಗಟ್ಟಲೆ 150% ಸುಂಕ ಇತ್ತು. 2022ರ ಆಸ್ಟ್ರೇಲಿಯಾ ಒಪ್ಪಂದದಲ್ಲೂ ಸುಂಕ ಇಳಿಸಿದ್ದು 5 ಡಾಲರ್‌ಗಿಂತ ಮೇಲಿನ ಬಾಟಲಿಗಳಿಗೆ ಮಾತ್ರ, ಅದೂ ಹಂತ ಹಂತವಾಗಿ. ಅಂದರೆ ಇಲ್ಲಿ ಅಗ್ಗವಾಗಿ ಕಾಣೋ ಫಾರಿನ್ ಬಾಟಲಿ ಅಲ್ಲಿ ತೀರಾ ಅಗ್ಗದ್ದು, ನಾವು ದುಡ್ಡು ಕೊಡುತ್ತಿರೋದು ತೆರಿಗೆಗೆ, ಸಾಗಾಣಿಕೆಗೆ. ಅದೇ ದುಡ್ಡಿಗೆ ನಂದಿ ತಪ್ಪಲಿನ ಬಾಟಲಿಯಲ್ಲಿ ವೈನ್ ಜಾಸ್ತಿ ಇದೆ.

ನಂದಿ ಅಂದಾಗ ಕನ್ವಲ್ ಗ್ರೋವರ್ ಅವರನ್ನು ನೆನೆಯದೆ ಆಗಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯೋ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, 1988ರಲ್ಲಿ ಫ್ರೆಂಚ್ ದ್ರಾಕ್ಷಿಯ ತೋಟ ಕಟ್ಟಿದವರು ಅವರು. ಅಲ್ಲಿನ ತಂಪು ರಾತ್ರಿ ದ್ರಾಕ್ಷಿಯ ಹುಳಿಯನ್ನು ಕಾಪಾಡುತ್ತೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತೆ, ನಮ್ಮಲ್ಲಿ ಮಲಗೋದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸಿ, ಮಳೆ ತಪ್ಪಿಸಿ, ಬೇಸಿಗೆ ಶುರುವಾಗೋ ಹೊತ್ತಿಗೆ ಕೊಯ್ಲು ಮಾಡುತ್ತಾರೆ. ಕೊಳ್ಳುವವರಿಗೆ ಇದರಲ್ಲಿ ಒಂದು ಸುಳಿವಿದೆ. ಯುರೋಪಿನ ಕೊಯ್ಲು ಆಗಸ್ಟ್-ಸೆಪ್ಟೆಂಬರಿನಲ್ಲಿ. ಅಂದರೆ ಲೇಬಲ್ಲಿನ ಮೇಲೆ ಒಂದೇ ವರ್ಷ ಇದ್ದರೂ ನಮ್ಮದು ಆರು ತಿಂಗಳು ದೊಡ್ಡದು. ಬಿಳಿ, ರೋಸೆ ತಗೊಳ್ಳುವಾಗ ಇರೋದರಲ್ಲಿ ಹೊಸ ವರ್ಷದ್ದನ್ನೇ ಕೇಳಿ, ಎರಡು ವರ್ಷ ದಾಟಿದ್ದರೆ ವಾಪಸ್ ಕೊಡಿ. "ಹಳೇದಾದಷ್ಟೂ ಒಳ್ಳೇದು" ಅನ್ನೋದು ಎಲ್ಲೋ ಕೆಲವು ದುಬಾರಿ ವೈನ್‌ಗಳಿಗೆ, ಅದೂ ತಂಪು ನೆಲಮಾಳಿಗೆಯಲ್ಲಿ ಮಲಗಿದ್ದರೆ. ಟ್ಯೂಬ್‌ಲೈಟ್ ಕೆಳಗೆ ಎರಡು ಬೇಸಿಗೆ ಕಳೆದ ಬಾಟಲಿಗಲ್ಲ. ಹಾಗಾಗಿ ಒಳ್ಳೆಯ ಅಂಗಡಿ ಅಂದರೆ ಬಾಟಲಿಗಳು ಜಾಸ್ತಿ ಇರೋದಲ್ಲ, ಎಸಿ ಇದ್ದು, ಸರಕು ಬೇಗ ಬೇಗ ಖಾಲಿಯಾಗೋದು.

ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಅಂತಾರಲ್ಲ, ಆ ರೂಮು ಯುರೋಪಿನ ಹಳೇ ಕಲ್ಲಿನ ಮನೆಯದು, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಿಮ್ಮ ರೂಮು ರಾಯಚೂರಲ್ಲಿದ್ದರೆ ಏನು ಮಾಡ್ತೀರಿ? ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿ, ರೋಸೆ ಬೆಳಗ್ಗೆಯಿಂದಲೇ ಒಳಗಿರಲಿ.

ಗ್ಲಾಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಕಾಲಿರೋ ಗ್ಲಾಸಿನಿಂದ ನಮಗೆ ಒಂದು ಉಪಯೋಗ ಇದೆ, ಬಲಗೈ ಸಾರನ್ನದಲ್ಲಿದ್ದಾಗ ಎಡಗೈಯಲ್ಲಿ ಸುಲಭವಾಗಿ ಹಿಡಿಯಬಹುದು. ಸ್ಟೀಲ್ ಲೋಟ ಮಾತ್ರ ಬೇಡ, ಬಣ್ಣ ಕಾಣಲ್ಲ. ಉಳಿದರೆ ಮುಚ್ಚಳ ಬಿಗಿ ಮಾಡಿ (ನಮ್ಮ ಬಾಟಲಿಗಳಲ್ಲಿ ಬಹಳಷ್ಟಕ್ಕೆ ತಿರುಪು ಮುಚ್ಚಳವೇ, ಕಾರ್ಕ್ ತೆಗೆಯೋ ಸರ್ಕಸ್ ಇಲ್ಲ) ಫ್ರಿಜ್ಜಿನಲ್ಲಿ ನಿಲ್ಲಿಸಿ, ಮೂರು ದಿನ ಏನೂ ಆಗಲ್ಲ. ಶನಿವಾರ ಕೋಳಿಸಾರಿಗೆ ತೆಗೆದ ರೋಸೆ ಸೋಮವಾರದ ಉಪ್ಪಿಟ್ಟಿಗೂ ಬಂದೀತು, ಅದು ನಿಮಗೂ ನಿಮ್ಮ ಮ್ಯಾನೇಜರಿಗೂ ಬಿಟ್ಟಿದ್ದು.