ಸೈನಸ್ ಉರಿಯೂತ: ಕಾಯುವುದೂ ಒಂದು ಚಿಕಿತ್ಸೆ

ಜರ್ಮನಿಯಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಪರಿಚಯದ ಕನ್ನಡಿಗರಿಂದ ನನಗೆ ಒಂದೇ ಬಗೆಯ ದೂರವಾಣಿ ಕರೆಗಳು ಬರತೊಡಗುತ್ತವೆ. ‘ಡಾಕ್ಟ್ರೇ, ನಾಲ್ಕು ದಿನದಿಂದ ಸೈನಸ್. ಹಣೆ ಸಿಡಿಯುತ್ತಿದೆ, ಮೂಗಿನಿಂದ ಹಸಿರು ಸಿಂಬಳ. ಇಲ್ಲಿನ ವೈದ್ಯರು ನೋಡಿ, ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ, ಚಹಾ ಕುಡಿಯಿರಿ, ಮಲಗಿ ಎಂದು ಕಳಿಸಿಬಿಟ್ಟರು. ಊರಿನಿಂದ ತಂದ ಅಜಿತ್ರೋಮೈಸಿನ್ ಇದೆ, ತೆಗೆದುಕೊಳ್ಳಲೇ?’ ಕರೆ ಮಾಡಿದವರ ದನಿಯಲ್ಲಿ ನೋವಿಗಿಂತ ಅವಮಾನವೇ ಹೆಚ್ಚು. ತಿಂಗಳು ತಿಂಗಳೂ ಸಂಬಳದಲ್ಲಿ ಆರೋಗ್ಯ ವಿಮೆಗೆಂದು ಅಷ್ಟೊಂದು ಹಣ ಕಡಿದುಕೊಂಡು, ಕೊನೆಗೆ ಚಹಾ ಕುಡಿಯಿರಿ ಎನ್ನುವುದೇ ಎಂಬ ಸಿಟ್ಟು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ತೊಂಬತ್ತರ ದಶಕದಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಮೂಗು ಸೋರುವವರು ಯಾರೂ ನನ್ನ ಕೊಠಡಿಯಿಂದ ಆಂಟಿಬಯೋಟಿಕ್ ಇಲ್ಲದೆ ಹೊರಹೋದದ್ದು ನೆನಪಿಲ್ಲ. ನಾನು ಬರೆದುಕೊಡದಿದ್ದರೆ ಎದುರಿನ ಔಷಧದಂಗಡಿಯವನು ಕೊಡುತ್ತಿದ್ದ. ಐದು ದಿನಗಳಲ್ಲಿ ರೋಗಿ ಗುಣವಾಗುತ್ತಿದ್ದ, ಕೀರ್ತಿ ಮಾತ್ರೆಗೆ ಮತ್ತು ಸ್ವಲ್ಪ ಮಟ್ಟಿಗೆ ನನಗೆ ಸಲ್ಲುತ್ತಿತ್ತು. ಮಾತ್ರೆ ಇಲ್ಲದಿದ್ದರೂ ಅವನು ಅದೇ ಐದು ದಿನಗಳಲ್ಲಿ ಗುಣವಾಗುತ್ತಿದ್ದನೇ ಎಂದು ಯೋಚಿಸುವ ಬಿಡುವು ಇಬ್ಬರಿಗೂ ಇರಲಿಲ್ಲ.

ಸೈನಸ್ ಎಂಬುದು ಕಾಯಿಲೆಯ ಹೆಸರಲ್ಲ. ಅದು ನಮ್ಮೆಲ್ಲರ ಮುಖದ ಮೂಳೆಗಳೊಳಗಿರುವ ಗಾಳಿಯ ಕೋಣೆ. ಹಣೆಯಲ್ಲಿ, ಕೆನ್ನೆಗಳಲ್ಲಿ, ಎರಡು ಕಣ್ಣುಗಳ ನಡುವೆ ಮತ್ತು ತಲೆಯ ಒಳಭಾಗದಲ್ಲಿ, ಹೀಗೆ ನಾಲ್ಕು ಜೊತೆ ಕೋಣೆಗಳಿವೆ. ಒಳಗೋಡೆಯ ಲೋಳೆಪೊರೆ ಸದಾ ತೆಳುವಾದ ಲೋಳೆಯನ್ನು ಸ್ರವಿಸುತ್ತದೆ. ಕಣ್ಣಿಗೆ ಕಾಣದ ರೋಮಗಳು ಅದನ್ನು ಸಣ್ಣ ಕಿಂಡಿಯ ಮೂಲಕ ಮೂಗಿಗೆ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಕಿಂಡಿ ಕೋಣೆಯ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಬಚ್ಚಲಿನ ತೂಬನ್ನು ಗೋಡೆಯ ತುದಿಯಲ್ಲಿಟ್ಟಂತೆ! ಆರೋಗ್ಯವಂತರಲ್ಲಿ ರೋಮಗಳು ಲೋಳೆಯನ್ನು ಗುರುತ್ವಕ್ಕೆ ವಿರುದ್ಧವಾಗಿ ಮೇಲಕ್ಕೇರಿಸಿ ಹೊರಹಾಕುತ್ತವೆ. ನೆಗಡಿಯಾದಾಗ ಪೊರೆ ಊದಿಕೊಂಡು ಕಿಂಡಿ ಮುಚ್ಚಿಹೋಗುತ್ತದೆ, ರೋಮಗಳು ಸೋಮಾರಿಯಾಗುತ್ತವೆ, ಲೋಳೆ ಒಳಗೇ ನಿಲ್ಲುತ್ತದೆ. ಬಗ್ಗಿದರೆ ಹಣೆ ಭಾರ, ಕೆನ್ನೆಯಲ್ಲಿ ಒತ್ತಡ, ಮೇಲ್ದವಡೆಯ ಹಲ್ಲುಗಳಲ್ಲಿ ನೋವು, ವಾಸನೆ ತಿಳಿಯದಿರುವುದು, ರಾತ್ರಿ ಗಂಟಲಿಗಿಳಿದ ಲೋಳೆಯಿಂದ ಕೆಮ್ಮು. ಇದೇ ಸೈನಸ್ ಉರಿಯೂತ; ನಮ್ಮ ಹಿರಿಯರು ಪೀನಸ ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ.

ಇದರ ಕಾರಣ ಬಹುತೇಕ ವೈರಾಣು. ವೈರಾಣುವಿನ ನೆಗಡಿ ಬಂದ ನೂರು ಮಂದಿಯಲ್ಲಿ ಬ್ಯಾಕ್ಟೀರಿಯಾ ಸೋಂಕಿನ ಸೈನಸ್ ಉರಿಯೂತಕ್ಕೆ ತಿರುಗುವುದು ಹೆಚ್ಚೆಂದರೆ ಇಬ್ಬರಲ್ಲಿ. ವೈರಾಣುವಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಹಸಿರು ಬಣ್ಣವೂ ಬ್ಯಾಕ್ಟೀರಿಯಾದ ಸಾಕ್ಷಿಯಲ್ಲ. ಸೋಂಕಿನೊಡನೆ ಹೋರಾಡುವ ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದ ಬಣ್ಣವದು. ಮೂಗಿರುವ ತನಕ ನೆಗಡಿ ತಪ್ಪದು ಎನ್ನುತ್ತೇವೆ ನಾವು. ಜರ್ಮನ್ನರ ಗಾದೆ ಇನ್ನಷ್ಟು ಲೆಕ್ಕಾಚಾರದ್ದು: ನೆಗಡಿ ಮೂರು ದಿನ ಬರುತ್ತದೆ, ಮೂರು ದಿನ ನಿಲ್ಲುತ್ತದೆ, ಮೂರು ದಿನ ಹೋಗುತ್ತದೆ. ಒಟ್ಟು ಒಂಬತ್ತು. ವೈದ್ಯಕೀಯ ಮಾರ್ಗಸೂಚಿಗಳು ಹತ್ತು ದಿನಗಳನ್ನು ಗಡಿಯಾಗಿ ಹಿಡಿಯುವುದಕ್ಕೂ ಈ ಅಜ್ಜಿಯರ ಲೆಕ್ಕಕ್ಕೂ ಹೆಚ್ಚು ಅಂತರವಿಲ್ಲ. ಹನ್ನೆರಡು ವಾರ ಮೀರಿದರೆ ಅದು ದೀರ್ಘಕಾಲಿಕ ಉರಿಯೂತ. ಅದರ ದಾರಿಯೇ ಬೇರೆ. ಅಲ್ಲಿ ಅಲರ್ಜಿ, ಮೂಗಿನೊಳಗಿನ ಪಾಲಿಪ್, ಕೆಲವೊಮ್ಮೆ ಕೊಳೆತ ಮೇಲ್ದವಡೆಯ ಹಲ್ಲು, ಇವುಗಳನ್ನು ಹುಡುಕಬೇಕಾಗುತ್ತದೆ. ಒಂದೇ ಬದಿಯಿಂದ ದುರ್ವಾಸನೆಯ ಸ್ರಾವ ಬರುತ್ತಿದ್ದರೆ ನಾನು ಮೊದಲು ದಂತವೈದ್ಯರ ಬಳಿಗೆ ಕಳಿಸುತ್ತೇನೆ. ಮೂಗು ಕಟ್ಟದೆ ಬರಿಯ ತಲೆನೋವು ಮರುಕಳಿಸುತ್ತಿದ್ದರೆ ಮೈಗ್ರೇನ್ ಇರಬಹುದೇ ಎಂದು ಕೇಳುತ್ತೇನೆ. ‘ನನಗೆ ಸೈನಸ್ ತಲೆನೋವು’ ಎನ್ನುತ್ತಾ ವರ್ಷಗಳನ್ನು ಕಳೆದ ಎಷ್ಟೋ ಮಂದಿಗೆ ಇರುವುದು ಮೈಗ್ರೇನ್.

ಹಾಗಾದರೆ ಆ ಹತ್ತು ದಿನ ಏನು ಮಾಡುವುದು? ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್. ಸಾಕಷ್ಟು ನೀರು. ಮನೆಯ ಹೀಟರ್ ಗಾಳಿ ಪೊರೆಯನ್ನು ಒಣಗಿಸುತ್ತದೆ. ಜರ್ಮನ್ನರು ಹಿಮ ಬೀಳುತ್ತಿದ್ದರೂ ದಿನಕ್ಕೆ ಎರಡು ಮೂರು ಬಾರಿ ಕಿಟಕಿಗಳನ್ನು ಪೂರ್ತಿ ತೆರೆದಿಡುವುದನ್ನು ಕಂಡು ಮೊದಲ ವರ್ಷ ನಾನು ನಕ್ಕಿದ್ದೆ, ಈಗ ನಾನೂ ತೆರೆಯುತ್ತೇನೆ. ಇನ್ನು ಮೂಗು ತೊಳೆಯುವುದು. ಇಲ್ಲಿನ ಔಷಧದಂಗಡಿಗಳಲ್ಲಿ ಪ್ಲಾಸ್ಟಿಕ್ ಸೀಸೆಯೂ ಬಾಡ್ ಎಮ್ಸ್ ಎಂಬ ಬುಗ್ಗೆಯೂರಿನ ಹೆಸರಿನ ಉಪ್ಪಿನ ಪೊಟ್ಟಣವೂ ಸಿಗುತ್ತವೆ. ನಮ್ಮ ಜಲನೇತಿಯೇ ಇದು. ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು. ಆದರೆ ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿನೀರಿನಿಂದ ಮೂಗು ತೊಳೆದ ಇಬ್ಬರು ಮೆದುಳಿಗೆ ಅಮೀಬಾ ಸೋಂಕು ತಗುಲಿ ಸತ್ತರು. ಮೂಗು ತೆರೆಸುವ ಹನಿಗಳು ಏಳು ದಿನ ಮೀರಬಾರದು. ಮೀರಿದರೆ ಹನಿಯೇ ಮೂಗನ್ನು ಕಟ್ಟಿಸುತ್ತದೆ, ಕಟ್ಟಿತೆಂದು ಮತ್ತೆ ಹನಿ. ಹನಿಯ ಸೀಸೆಯನ್ನು ದಿಂಬಿನಡಿಯಲ್ಲಿಟ್ಟುಕೊಂಡೇ ಮಲಗುವ ಎಂಜಿನಿಯರುಗಳನ್ನು ನಾನು ಬಲ್ಲೆ.

ಜರ್ಮನ್ ವೈದ್ಯರು ಆಂಟಿಬಯೋಟಿಕ್ ಕೊಡಲು ಹಿಂಜರಿಯುವುದು ಅಜ್ಞಾನದಿಂದಲ್ಲ. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವ ಮೊದಲ ಸಲ್ಫಾ ಔಷಧವಾದ ಪ್ರೊಂಟೊಸಿಲ್‌ನ ಗುಣವನ್ನು ಗೆರ್ಹಾರ್ಡ್ ಡೊಮಾಕ್ ಕಂಡದ್ದು ಇದೇ ದೇಶದ ಎಲ್ಬರ್‌ಫೆಲ್ಡ್‌ನಲ್ಲಿ, 1932ರಲ್ಲಿ. ಸೂಜಿ ಚುಚ್ಚಿ ನಂಜಾದ ಸ್ವಂತ ಮಗಳ ಕೈ ಕತ್ತರಿಸಬೇಕಾದ ಸ್ಥಿತಿ ಬಂದಾಗ ಅವರು ಅದೇ ಔಷಧ ಕೊಟ್ಟು ಆಕೆಯನ್ನು ಉಳಿಸಿಕೊಂಡರು. ಅಂಥ ಔಷಧಗಳು ಅಂಥ ಮಗಳಿಗೆ ಬೇಕಾದಾಗ ಕೆಲಸ ಮಾಡಬೇಕಾದರೆ ನೆಗಡಿಗೆ ಅವನ್ನು ವ್ಯಯಿಸಬಾರದು. ಅಜಿತ್ರೋಮೈಸಿನ್ ಅಂತೂ ಬ್ಯಾಕ್ಟೀರಿಯಾದ ಸೈನಸ್ ಉರಿಯೂತಕ್ಕೂ ಇಲ್ಲಿ ಮೊದಲ ಆಯ್ಕೆಯಲ್ಲ. ಬೇಕಾದಾಗ ಕೊಡುವುದು ಸಾಮಾನ್ಯವಾಗಿ ಅಮಾಕ್ಸಿಸಿಲಿನ್.

ಇಷ್ಟು ಹೇಳಿ ‘ಭಾರತೀಯರಿಗೆ ತಾಳ್ಮೆಯಿಲ್ಲ’ ಎಂದು ತೀರ್ಪು ಕೊಡುವ ಅನಿವಾಸಿ ವೈದ್ಯ ಮಿತ್ರರನ್ನು ನಾನು ಒಪ್ಪುವುದಿಲ್ಲ. ಜರ್ಮನ್ನರ ತಾಳ್ಮೆಗೆ ಕಾನೂನಿನ ಆಸರೆಯಿದೆ. ಇಲ್ಲಿ ಕಾಯಿಲೆ ಬಿದ್ದ ನೌಕರನಿಗೆ ಮಾಲೀಕ ಆರು ವಾರಗಳವರೆಗೆ ಪೂರ್ತಿ ಸಂಬಳ ಕೊಡಬೇಕು. 2023ರ ಡಿಸೆಂಬರ್‌ನಿಂದ, ವೈದ್ಯರಿಗೆ ಪರಿಚಿತ ರೋಗಿ ಸೌಮ್ಯ ಕಾಯಿಲೆಗೆ ದೂರವಾಣಿಯಲ್ಲೇ ಐದು ದಿನಗಳ ರಜೆಯ ಪತ್ರ ಪಡೆಯಬಹುದು. ಸಂಬಳ ಕಡಿತವಾಗದವನಿಗೆ ಒಂಬತ್ತು ದಿನ ಕಾಯುವುದು ಕಷ್ಟವೇನಲ್ಲ. ನಮ್ಮಲ್ಲಿ ಇಎಸ್ಐ ವ್ಯಾಪ್ತಿಯ ಕಾರ್ಮಿಕರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ ನಿಜ. ಗಾರೆ ಕೆಲಸದವನಿಗೆ, ಮನೆಗೆಲಸದವಳಿಗೆ, ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಏನಿದೆ? ನಾಳೆ ಕೆಲಸಕ್ಕೆ ಹೋಗಲೇಬೇಕಾದವನು ಔಷಧದಂಗಡಿಯಲ್ಲಿ ಮೂರು ಮಾತ್ರೆ ಬಿಡಿಯಾಗಿ ಕೊಳ್ಳುತ್ತಾನೆ. ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರಬಾರದೆಂಬ ಕಾನೂನು ಅಲ್ಲಿಯೂ ಇದೆ. ಅದನ್ನು ಬಿಗಿಗೊಳಿಸಬೇಕೆನ್ನುವವರು ಕಾಯಿಲೆಯ ರಜೆಯ ಕೂಲಿಯ ಬಗ್ಗೆಯೂ ಅಷ್ಟೇ ಜೋರಾಗಿ ಮಾತನಾಡಲಿ ಎಂಬುದು ನನ್ನ ಅಭಿಪ್ರಾಯ.

ಕಾಯಿರಿ ಎಂಬ ಸಲಹೆಯ ಇನ್ನೊಂದು ಮುಖವನ್ನೂ ಹೇಳಬೇಕು. ಅದು ನನ್ನದೇ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಯುಗಾದಿ ಕೂಟದಲ್ಲಿ ಪರಿಚಯವಾದ ಧಾರವಾಡ ಕಡೆಯ ತರುಣನೊಬ್ಬ ನೆಗಡಿಯ ಐದನೆಯ ದಿನ ಕರೆ ಮಾಡಿದ. ನಾನು ಮೇಲಿನ ಪಾಠವನ್ನೆಲ್ಲ ಒಪ್ಪಿಸಿ, ಹತ್ತು ದಿನ ತಡೆಯಪ್ಪ ಎಂದೆ. ಅವನು ವಿಧೇಯ, ತಡೆದ. ಏಳನೆಯ ದಿನಕ್ಕೆ ಸ್ವಲ್ಪ ಗುಣವಾದಂತಾಗಿ ಎಂಟರಂದು ಮತ್ತೆ ಜ್ವರ ಏರಿತು. ಹತ್ತಾಗಲಿಲ್ಲವಲ್ಲ ಎಂದು ಮಾತ್ರೆ ನುಂಗಿ ಮಲಗಿದ. ಒಂಬತ್ತರ ಬೆಳಿಗ್ಗೆ ಅವನ ಹೆಂಡತಿ ಒಂದು ಚಿತ್ರ ಕಳಿಸಿದಳು: ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಿತ್ತು. ಹುಳು ಕಚ್ಚಿರಬಹುದೇ ಎಂದು ಕೇಳಿದ್ದಳು. ತಕ್ಷಣ 112ಕ್ಕೆ ಕರೆ ಮಾಡಲು ಹೇಳಿದೆ. ಸೋಂಕು ಸೈನಸ್ಸಿನಿಂದ ಕಾಗದದಷ್ಟು ತೆಳುವಾದ ಮೂಳೆಯನ್ನು ದಾಟಿ ಕಣ್ಣಿನ ಗೂಡಿಗೆ ಹೋಗಿತ್ತು. ಅದೇ ರಾತ್ರಿ ಶಸ್ತ್ರಚಿಕಿತ್ಸೆ, ರಕ್ತನಾಳದ ಮೂಲಕ ಆಂಟಿಬಯೋಟಿಕ್. ದೃಷ್ಟಿ ಉಳಿಯಿತು.

ನಾನು ಅವನಿಗೆ ಎಷ್ಟು ದಿನ ಕಾಯಬೇಕೆಂದು ಹೇಳಿದ್ದೆ, ಯಾವಾಗ ಕಾಯಬಾರದೆಂದು ಹೇಳಿರಲಿಲ್ಲ. ಒಮ್ಮೆ ಗುಣವಾಗುತ್ತಾ ಬಂದು ಮತ್ತೆ ಉಲ್ಬಣಿಸಿದರೆ ಹತ್ತು ದಿನದ ಲೆಕ್ಕ ರದ್ದು, ಅಂದೇ ವೈದ್ಯರನ್ನು ನೋಡಬೇಕು. ಕಣ್ಣಿನ ಸುತ್ತ ಬಾವು ಅಥವಾ ಕೆಂಪು, ವಸ್ತುಗಳು ಎರಡೆರಡಾಗಿ ಕಾಣುವುದು, ದೃಷ್ಟಿ ಮಸುಕಾಗುವುದು, ಹಣೆಯ ಮೇಲೆ ಊತ, ಕತ್ತು ಬಗ್ಗಿಸಲಾರದ ತಲೆನೋವು, ಮಂಪರು ಕಂಡರೆ ಗಂಟೆಗಳನ್ನೂ ಎಣಿಸಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು ಇನ್ನೂ ಬೇಗ ಹೋಗಬೇಕು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಮೂಗು ಸೈನಸ್ಸುಗಳ ದಾರಿಯಲ್ಲೇ ಎಷ್ಟು ಮಂದಿಯ ಕಣ್ಣು ಕಸಿಯಿತೆಂಬುದನ್ನು ಕರ್ನಾಟಕ ಮರೆತಿರಲಾರದು. ತುರ್ತಲ್ಲದಿದ್ದರೂ ಚಿಕಿತ್ಸಾಲಯ ಮುಚ್ಚಿರುವ ಹೊತ್ತಿನಲ್ಲಿ ಸಲಹೆ ಬೇಕಾದರೆ ಜರ್ಮನಿಯಲ್ಲಿ 116117 ಎಂಬ ಸಂಖ್ಯೆಯಿದೆ. ಹೊಸದಾಗಿ ಬಂದ ನಮ್ಮವರಲ್ಲಿ ಬಹಳ ಮಂದಿಗೆ ಅದು ತಿಳಿದಿರುವುದಿಲ್ಲ.

ಆ ತರುಣ ಈಗಲೂ ಪ್ರತಿ ಯುಗಾದಿಗೆ ಸಿಗುತ್ತಾನೆ. ಹುಬ್ಬಿನ ಒಳತುದಿಯಲ್ಲಿ ಸಣ್ಣ ಗಾಯದ ಗುರುತಿದೆ. ಚಳಿಗಾಲದ ಕರೆಗಳಿಗೆ ಇಂದಿಗೂ ನಾನು ಬಹುಪಾಲು ಕಾಯಿರಿ ಎಂದೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಕ್ಯಾಮೆರಾ ಹಾಕಿ, ದೀಪದ ಕೆಳಗೆ ಬನ್ನಿ, ಕಣ್ಣು ತೋರಿಸಿ ಎನ್ನುತ್ತೇನೆ.