ಕಳೆಯನ್ನೂ ಕಾಯುವ ಬೇಲಿ

ನಿಪ್ಪಾಣಿಯ ತಂಬಾಕು ಬೀಡಿಗೆ ಹೆಸರಾದುದು. ಆ ಬೆಳೆ ಎಷ್ಟೋ ಸಂಸಾರಗಳಿಗೆ ಅನ್ನವನ್ನಿತ್ತಿದೆ. ಅದೇ ಎಲೆ ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೂ ಕಾರಣವಾಗಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಿಂದ ಗಡಿಯಾಚೆಯ ಮಿರಜಿಗೋ, ದೂರದ ಬೆಂಗಳೂರಿಗೋ ರೋಗಿಯನ್ನು ಕರೆದೊಯ್ಯುವ ಮನೆಯವರನ್ನು ಒಂದು ಪ್ರಶ್ನೆ ಕಾಡುವುದುಂಟು: ಮೊದಮೊದಲು ಗಡ್ಡೆಯನ್ನು ಕುಗ್ಗಿಸಿದ ಔಷಧವು ಆಮೇಲೆ ಸೋಲುವುದೇಕೆ?

ಸೋಲಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ದೇಹದ ಒಳ್ಳೆಯತನವೇ ಎಂಬುದು ಸೋಜಿಗದ ಸಂಗತಿ.

ಬಾಯಿ, ಶ್ವಾಸಕೋಶಗಳ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ನೋಡೋಣ. ಇದು ಪ್ಲಾಟಿನಂ ಲೋಹದ ಸಂಯುಕ್ತ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸನ್‌ಬರ್ಗ್ ಪ್ಲಾಟಿನಂ ಕಡ್ಡಿಗಳ ಮೂಲಕ ವಿದ್ಯುತ್ತು ಹಾಯಿಸಿದಾಗ ಬ್ಯಾಕ್ಟೀರಿಯಾಗಳು ಇಬ್ಭಾಗವಾಗುವುದನ್ನೇ ನಿಲ್ಲಿಸಿದವು. ಆ ಆಕಸ್ಮಿಕವೇ 1978ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಔಷಧಕ್ಕೆ ದಾರಿಯಾಯಿತು. ಸಿಸ್‌ಪ್ಲಾಟಿನ್ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಜೊತೆಗೆ ಕೋಶದೊಳಗೆ ಉಗ್ರಸ್ವಭಾವದ ಆಮ್ಲಜನಕ ಕಣಗಳನ್ನೂ ಹೆಚ್ಚಿಸುತ್ತದೆ.

ಇಂಥ ಕಣಗಳು ಉಸಿರಾಟದಿಂದಲೇ ನಿತ್ಯವೂ ಹುಟ್ಟುತ್ತವೆ. ಅವನ್ನು ಶಮನಗೊಳಿಸಲೆಂದು ದೇಹ ಬೇಲಿಯೊಂದನ್ನು ಕಟ್ಟಿಕೊಂಡಿದೆ. ಸೂಪರಾಕ್ಸೈಡ್ ಡಿಸ್ಮ್ಯೂಟೇಸ್, ಕ್ಯಾಟಲೇಸ್ ಮುಂತಾದ ಕಿಣ್ವಗಳೂ ಗ್ಲುಟಾಥಯೋನ್ ಎಂಬ ಪುಟ್ಟ ಅಣುವೂ ಆ ಬೇಲಿಯ ಮುಳ್ಳುಗಳು. ಆದರೆ ಹೊಲದ ಬೇಲಿಗೆ ಪೈರಾವುದು, ಕಳೆಯಾವುದು ಎಂಬ ಭೇದ ತಿಳಿಯದು. ಕ್ಯಾನ್ಸರ್ ಕೋಶವೂ ಅದೇ ದೇಹದ ಕೂಸು. ಬೇಲಿ ಅದನ್ನೂ ಕಾಯುತ್ತದೆ.

ಗ್ಲುಟಾಥಯೋನ್ ಸಿಸ್‌ಪ್ಲಾಟಿನ್ನನ್ನು ಹಿಡಿದು ಕಟ್ಟಿಹಾಕುತ್ತದೆ. ಬೇರೆ ಕೆಲವು ಔಷಧಗಳಿಗೆ ಗ್ಲುಟಾಥಯೋನನ್ನು ಅಂಟಿಸಲು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕಿಣ್ವವೇ ನೆರವಾಗುತ್ತದೆ. ಹೀಗೆ ಕಟ್ಟುಬಿದ್ದ ಔಷಧವನ್ನು ಕೋಶದ ಪೊರೆಯಲ್ಲಿರುವ ಪಂಪುಗಳು ಹೊರಕ್ಕೆ ತಳ್ಳುತ್ತವೆ. ಸೈಕ್ಲೋಫಾಸ್ಫಮೈಡ್ ಎಂಬ ಇನ್ನೊಂದು ಔಷಧವನ್ನು ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ನಿರ್ವೀರ್ಯಗೊಳಿಸುತ್ತದೆ. ಔಷಧಕ್ಕೆ ಬಲಿಯಾಗದೆ ಉಳಿದ ಕೋಶಗಳೇ ಬೆಳೆದು ಬಲಿತರೆ ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ.

ಈ ಬೇಲಿಯ ಯಜಮಾನಿಕೆ ಎನ್‌ಆರ್‌ಎಫ್-2 ಎಂಬ ಪ್ರೋಟೀನಿನದು. ಸಾಧಾರಣವಾಗಿ ಕೀಪ್-1 ಎಂಬ ಇನ್ನೊಂದು ಪ್ರೋಟೀನು ಅದನ್ನು ಅಂಕೆಯಲ್ಲಿಡುತ್ತದೆ. ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಕೀಪ್-1 ಕೆಟ್ಟಿರುವುದರಿಂದ ಹಗಲಿರುಳೂ ಬೇಲಿಯ ಕೆಲಸ ನಡೆದೇ ಇರುತ್ತದೆ. ಬೇಲಿಯನ್ನೇ ಕಿತ್ತುಹಾಕೋಣವೆಂದರೆ ಪೈರೂ ಬಯಲಿಗೆ ಬೀಳುತ್ತದೆ. ವಿಜ್ಞಾನಿಗಳ ತೊಡಕು ಇರುವುದು ಇಲ್ಲಿಯೇ.

ಗೃಹಸ್ಥರಿಗೆ ಇದರಿಂದ ತಿಳಿಯಬೇಕಾದುದೇನು? ರೋಗಿ ಬಳಲಿದನೆಂದು ಮರುಗಿದ ಬಂಧುಗಳು ಶಕ್ತಿ ಬರಲೆಂದು ಉತ್ಕರ್ಷಣ ನಿರೋಧಕಗಳ, ಎಂದರೆ ಆ್ಯಂಟಿ ಆಕ್ಸಿಡೆಂಟುಗಳ, ಗುಳಿಗೆಗಳನ್ನು ತಂದುಕೊಡುತ್ತಾರೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕ್ಯಾರೋಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ತಗ್ಗುವ ಬದಲು ಶೇಕಡ 18ರಷ್ಟು ಹೆಚ್ಚಿತು. ಅಮೆರಿಕದ 1,134 ಮಂದಿ ಸ್ತನಕ್ಯಾನ್ಸರ್ ರೋಗಿಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅವಲೋಕನದಲ್ಲಿ, ಚಿಕಿತ್ಸೆಗೆ ಮುಂಚೆಯೂ ಚಿಕಿತ್ಸೆಯ ಕಾಲದಲ್ಲಿಯೂ ಇಂಥ ಗುಳಿಗೆಗಳನ್ನು ಸೇವಿಸಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚಿದಂತೆ ಕಂಡಿತು. ಇದು ಕಡೆಯ ತೀರ್ಪಲ್ಲ. ಎಚ್ಚರಿಕೆಗೆ ಮಾತ್ರ ಸಾಕು.

ದಿನನಿತ್ಯದ ಊಟದ ಹಣ್ಣು, ಕಾಯಿಪಲ್ಲೆ, ಸಾರಿನ ಚಿಟಿಕೆ ಅರಿಸಿನಗಳಿಗೆ, ವೈದ್ಯರು ಬೇಡವೆನ್ನದ ಹೊರತು, ಅಂಜಬೇಕಾಗಿಲ್ಲ. ಆದರೆ ಗುಳಿಗೆಯಾಗಲಿ, ಚೂರ್ಣವಾಗಲಿ, ಕಷಾಯವಾಗಲಿ, ಚಿಕಿತ್ಸೆ ನಡೆಸುವ ವೈದ್ಯರಿಗೆ ತೋರಿಸದೆ ರೋಗಿಯ ಕೈಗೆ ಕೊಡಬಾರದು. ಅವರೇ ಬರೆದುಕೊಟ್ಟ ಗುಳಿಗೆಯನ್ನು ಹೆದರಿ ಬಿಡುವುದೂ ತಪ್ಪೇ. ರೋಗಿಯ ಮೇಲಿನ ಮಮತೆ ದೊಡ್ಡದು. ವೈದ್ಯರ ಮುಂದೆ ಮುಚ್ಚಿಡದಿರುವುದೂ ಆ ಮಮತೆಯ ಒಂದು ಭಾಗವೇ.